ಮೊಣಕೈ ಹೇಳಿದ ಬಿಸಿ

ನೀರಿಗೆ ಜ್ವರ ಬಂದಿದೆಯೇ ಎಂದು ನನ್ನನ್ನು ಕೇಳಿದವರು ಅವರೊಬ್ಬರೇ.

ಏಳು ವರ್ಷದ ಹಿಂದಿನ ಮಾತು. ನನ್ನ ಮಗಳು ಸುಮಾ ಮೊದಲ ಹೆರಿಗೆಗೆ ಜಯನಗರದ ನಮ್ಮ ಮನೆಗೆ ಬಂದಿದ್ದಳು. ಮೊಮ್ಮಗ ಹುಟ್ಟಿ ಹನ್ನೊಂದು ದಿನವಾಗಿತ್ತು. ಮಗುವಿಗೂ ಬಾಣಂತಿಗೂ ಎಣ್ಣೆ ಹಚ್ಚಿ ನೀರು ಹಾಕಲು ಬೇಗೂರಿನಿಂದ ಒಬ್ಬರು ಬರುತ್ತಾರೆಂದು ಪಕ್ಕದ ಮನೆಯವರು ಗೊತ್ತು ಮಾಡಿಕೊಟ್ಟರು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದು, ಕೊನೆಗೆ ಒಂದು ವಾರ್ಡಿನ ಉಸ್ತುವಾರಿ ನೋಡಿಕೊಂಡು ನಿವೃತ್ತಳಾದವಳು. ಗೊತ್ತಿಲ್ಲದ ಕೈಗೆ ಮಗುವನ್ನು ಹಾಗೆಯೇ ಕೊಡುವವಳಲ್ಲ. ಅವರು ಬರುವ ಮೊದಲೇ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬೆರೆಸಿ, ಮೆಡಿಕಲ್ ಶಾಪಿನಿಂದ ತಂದಿದ್ದ ಥರ್ಮಾಮೀಟರನ್ನು ಅದರಲ್ಲಿ ಇಳಿಬಿಟ್ಟು, ಮೂವತ್ತೇಳು ಡಿಗ್ರಿ ಆಗುವುದನ್ನೇ ನೋಡುತ್ತ ನಿಂತಿದ್ದೆ. ಅವರು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಯಾಕ್ ಸಿಸ್ಟರಮ್ಮ, ನೀರಿಗೆ ಜ್ವರ ಬಂದೈತಾ?"

ಒಳಗೆ ಮಲಗಿದ್ದ ಸುಮಾ ನಕ್ಕಳು. ನಾನು ನಗಲಿಲ್ಲ.

ಅವರು ಹೋದ ತಿಂಗಳು ನೀರು ಹಾಕುವ ಕೆಲಸವನ್ನು ಪೂರ್ತಿ ಬಿಟ್ಟರು. ನಮ್ಮ ಮನೆಗೆ ಬಂದಾಗ ಅದನ್ನು ಹೇಳಿದರು. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದೆ. "ಬರ್ಕೊಳಿ, ಹೆಸರು ಮಾತ್ರ ಹಾಕ್ಬೇಡಿ. ನನ್ ಸೊಸೆ ಪೇಪರ್ ಓದ್ತಾಳೆ," ಎಂದರು. ಆದ್ದರಿಂದ ಹೆಸರಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ಅಜ್ಜಿ ಎನ್ನುತ್ತಿದ್ದೆವು. ವಯಸ್ಸಿನಲ್ಲಿ ಅವರು ನನಗಿಂತ ಒಂದು ವರ್ಷ ಚಿಕ್ಕವರು.

ಕುಳ್ಳಗಿನ ಮೈಕಟ್ಟು, ದಪ್ಪ ಮಣಿಕಟ್ಟು. ಬಚ್ಚಲಿಗೆ ಕಾಲಿಡುವ ಮೊದಲು ಎರಡೂ ಕೈಯ ಗಾಜಿನ ಬಳೆಗಳನ್ನು ಮೇಲಕ್ಕೆ ಸರಿಸಿ, ಇಳಿದು ಬರದಂತೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಆ ರಬ್ಬರ್ ಬ್ಯಾಂಡುಗಳು ಹಾಲಿನ ಪ್ಯಾಕೆಟ್ಟಿನ ಜೊತೆ ಬಂದವು. ಒಂದು ಸಾರಿಯೂ ಮರೆತು ಬಂದದ್ದಿಲ್ಲ. ಕೆಲಸಕ್ಕೆ ಬರಲೇಬೇಕಾದ ಅಗತ್ಯ ಅವರಿಗಿರಲಿಲ್ಲ. ಮನೆಯವರ ಹೊಲವಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಬಾಡಿಗೆ ಮನೆಗಳಿವೆ. ಮಗ, ಸೊಸೆ ಇಬ್ಬರೂ ಬೇಡವೆನ್ನುತ್ತಿದ್ದರು. "ಮನೆ ಓನರ್ ಆಗಿ ಇನ್ನೊಬ್ರ ಬಚ್ಚಲಲ್ಲಿ ಕೂತ್ಕೋತೀಯಲ್ಲಮ್ಮ ಅಂತಾನೆ ನನ್ ಮಗ. ಅವನ್ಗೂ ನಾನೇ ಎರೆದಿದ್ದು, ಆವಾಗ ಹೇಳ್ಬೇಕಿತ್ತು," ಎಂದು ನಗುತ್ತಿದ್ದರು. ಅವರ ತಾಯಿ, ತಾಯಿಯ ತಾಯಿ, ಎಲ್ಲರೂ ಊರಿನ ಮಕ್ಕಳಿಗೆ ನೀರು ಹಾಕಿದವರು.

ಎರಡು ಬಸ್ಸು ಬದಲಾಯಿಸಿ ಬರಬೇಕಾಗಿದ್ದುದರಿಂದ ಮೊದಲ ವಾರ ಒಂಬತ್ತಕ್ಕೆ ಹತ್ತು ನಿಮಿಷ, ಹದಿನೈದು ನಿಮಿಷ ತಡವಾಗುತ್ತಿತ್ತು. ಒಂಬತ್ತು ಎಂದರೆ ಒಂಬತ್ತು ಎಂದು ಹೇಳಿದೆ. ಮರುದಿನ ಎಂಟೂವರೆಗೇ ಬಂದು ಗೇಟಿನ ಹೊರಗೆ ಕೂತಿದ್ದರು. ಯಾಕೆ ಒಳಗೆ ಬರಲಿಲ್ಲ ಎಂದರೆ, "ನೀವು ಒಂಬತ್ತು ಅಂದ್ರಲ್ಲ" ಎಂದರು. ಇವರು ನನಗೆ ಸರಿಯಾದ ಜೋಡಿ ಎಂದು ಅಂದೇ ಗೊತ್ತಾಯಿತು.

ಥರ್ಮಾಮೀಟರಿನ ಜಗಳ ಹೀಗೆ ಮುಗಿಯಿತು. ಅವರು ಬಲ ಮೊಣಕೈಯನ್ನು ನೀರಿನಲ್ಲಿ ಅದ್ದುವರು, ಮೂರು ಎಣಿಸುವಷ್ಟು ಹೊತ್ತು ಕಣ್ಣು ಮುಚ್ಚುವರು, "ಅರ್ಧ ಚೊಂಬು ತಣ್ಣೀರು" ಎಂದೋ "ಆಯ್ತು" ಎಂದೋ ಹೇಳುವರು. ಅವರು ಮಗುವಿಗೆ ಎಣ್ಣೆ ತಿಕ್ಕಲು ಆ ಕಡೆ ತಿರುಗಿದಾಗ ನಾನು ಥರ್ಮಾಮೀಟರ್ ಅದ್ದಿ ನೋಡಿ, ಒಂದು ಪುಸ್ತಕದಲ್ಲಿ ಬರೆದಿಡುವೆನು. ಅವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಬೇಕೆಂದೇ ಆ ಕಡೆ ತಿರುಗುತ್ತಿದ್ದರು.

ಅಂಗೈ ಬಿಟ್ಟು ಮೊಣಕೈಯಲ್ಲೇ ಯಾಕೆ ನೋಡಬೇಕು ಎಂದು ಸುಮಾ ಕೇಳಿದಳು. ನಾನು ಉತ್ತರ ಹೇಳಲು ಹೊರಟೆ. ಚರ್ಮದ ಒಳಗೆ ಬಿಸಿ ತಿಳಿಯುವ ನರದ ತುದಿಗಳೇ ಬೇರೆ, ತಂಪು ತಿಳಿಯುವವೇ ಬೇರೆ, ಮುಟ್ಟಿದ್ದು ತಿಳಿಯುವವು ಬೇರೆ, ನೋವಿನವು ಬೇರೆ; ಪಾತ್ರೆ ಉಜ್ಜಿ ದಪ್ಪಗಾದ ಅಂಗೈಯ ಚರ್ಮವನ್ನು ದಾಟಿ ಬಿಸಿ ಒಳಗೆ ಹೋಗಲು ಹೊತ್ತು ಬೇಕು. ಇದನ್ನೆಲ್ಲ ನಾನು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ಅಜ್ಜಿ ಅಷ್ಟರಲ್ಲಿ ಮೂರು ಚೊಂಬು ತಂದು ಸಾಲಾಗಿ ಇಟ್ಟಿದ್ದರು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು.

"ಒಂದು ಕೈ ಇದ್ರಲ್ಲಿಡು, ಒಂದು ಕೈ ಅದ್ರಲ್ಲಿಡು. ಇಟ್ಕೊಂಡೇ ಇರು. ಈಗ ಎರಡೂ ಕೈಬೆರಳು ತೆಗ್ದು ನಡುವಿನ ಚೊಂಬಲ್ಲಿ ಹಾಕು. ಏನಂತದೆ?"

"ಅಜ್ಜಿ, ಒಂದು ಕೈಗೆ ತಣ್ಣಗಿದೆ, ಇನ್ನೊಂದಕ್ಕೆ ಬಿಸಿ ಇದೆ!" ಎಂದು ಸುಮಾ ಕೂಗಿದಳು.

"ನೀರು ಒಂದೇ ಕಣಮ್ಮ. ಕೈ ಸುಳ್ಳು ಹೇಳ್ತದೆ. ಬಿಸಿನೀರಲ್ಲಿ ಆಡಿದ ಕೈಗೆ ಎಲ್ಲಾ ತಣ್ಣಗೇ ಅನ್ನಿಸ್ತದೆ. ಅದಕ್ಕೇ ಮೊದ್ಲು ಮಗ, ಆಮೇಲೆ ತಾಯಿ. ನಿನಗೆ ಸುಡುಸುಡು ನೀರು ಹುಯ್ದು ಆಮೇಲೆ ಮಗೂನ ಎತ್ಕೊಂಡ್ರೆ ಮುಗೀತು ಕಥೆ."

ಚರ್ಮ ಡಿಗ್ರಿಯನ್ನು ಅಳೆಯುವುದಿಲ್ಲ, ಬದಲಾವಣೆಯನ್ನು ಅಳೆಯುತ್ತದೆ ಎಂಬ ವಾಕ್ಯವನ್ನು ನಾನು ಎಷ್ಟು ಬ್ಯಾಚುಗಳಿಗೆ ಬರೆಸಿದ್ದೇನೋ ಲೆಕ್ಕವಿಲ್ಲ. ಮೂರು ಚೊಂಬು ಇಟ್ಟಿದ್ದರೆ ಒಂದೇ ಸಲಕ್ಕೆ ಆಗಿಹೋಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನನಗೂ ಅವರಿಗೂ ಸರಿಹೋಗಲಿಲ್ಲ. ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲಿನಿಂದ ಕೆಳಗೆ, ಕಾಲುಗಳ ಮೇಲೆ ಬೋರಲು ಮಲಗಿಸಿಕೊಂಡು ನೀರು ಹಾಕುವಾಗ ಅವರು ಮಗುವಿನ ಕಡೆ ನೋಡುತ್ತಲೇ ಇರಲಿಲ್ಲ. ಸುಮಾಳ ಕಡೆ ತಿರುಗಿ, ಕೆರೆಯ ಏರಿಯ ಮೇಲೆ ಯಾರೋ ಕಾರು ತೊಳೆದ ಕಥೆ, ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಹುಡುಗಿ ಮಾಡಿಕೊಟ್ಟ ರೊಟ್ಟಿಯ ಕಥೆ, ಒಂದರ ಹಿಂದೆ ಒಂದು ಹೇಳುವರು.

"ಮಗುವನ್ನು ನೋಡಿಕೊಂಡು ಮಾಡಿ," ಎಂದೆ.

"ಕಾಲು ನೋಡ್ತಾ ಐತಲ್ಲ ಸಿಸ್ಟರಮ್ಮ."

"ಕಾಲಿಗೆ ಕಣ್ಣಿದೆಯೇ?"

"ಅಳೋಕ್ ಮುಂಚೆ ಮಗ ಹೊಟ್ಟೆ ಬಿಗಿ ಮಾಡ್ತದೆ. ಕಣ್ಣಿಗೆ ಕಾಣಲ್ಲ ಅದು, ಕಾಲಿಗೆ ಗೊತ್ತಾಗ್ತದೆ. ನೋಡ್ತಾ ಇರಿ. ಈಗ ಅಳ್ತಾನೆ."

ಎರಡು ಸೆಕೆಂಡಿಗೆ ಮೊಮ್ಮಗ ಅತ್ತ. ನಾನು ಕೈಗಡಿಯಾರ ಹಿಡಿದು ಒಂದು ವಾರ ಪರೀಕ್ಷೆ ಮಾಡಿದೆ. ಅವರು "ಈಗ" ಎಂದ ಮೇಲೆ ಎರಡು ಸೆಕೆಂಡು, ಮೂರು ಸೆಕೆಂಡು. ಒಂದು ದಿನ ಮಾತ್ರ ತಪ್ಪಿತು. ಅಂದು ಅಳುವ ಬದಲು ಸೀನಿದ. "ಅದೂ ಬಿಗಿಯೇ," ಎಂದು ಅವರು ಸೋಲೊಪ್ಪಲಿಲ್ಲ.

ಮೂರು ವರ್ಷದ ಮೇಲೆ ಸುಮಾಳ ಎರಡನೆಯ ಬಾಣಂತನಕ್ಕೂ ಅವರೇ ಬಂದರು. ಈ ಸಲ ಹೆಣ್ಣು ಮಗು. ಅದೇ ಮಣೆ, ಅದೇ ರಬ್ಬರ್ ಬ್ಯಾಂಡು, ಅದೇ ಒಂಬತ್ತು ಗಂಟೆ. ಅಜ್ಜಿ ಮಾತ್ರ ಬದಲಾಗಿದ್ದರು. ನೀರು ಹಾಕುವಾಗ ಒಂದು ಮಾತಿಲ್ಲ. ತಲೆ ಬಗ್ಗಿಸಿ, ಮಗುವಿನ ಮೇಲೆ ನೆಟ್ಟ ಕಣ್ಣನ್ನು ಕೀಳುತ್ತಿರಲಿಲ್ಲ. ಈಗ ಅಳ್ತಾಳೆ, ಆಗ ಅಳ್ತಾಳೆ ಎಂಬ ಭವಿಷ್ಯವೂ ಇಲ್ಲ. ಸುಮಾ, "ಅಜ್ಜಿ ಯಾಕೋ ಸಪ್ಪಗಿದಾರೆ ಅಲ್ವಾಮ್ಮ?" ಎಂದಳು. ಸಪ್ಪಗಲ್ಲ, ಕೊನೆಗೂ ನನ್ನ ಮಾತು ಕೇಳಿ ಶಿಸ್ತು ಕಲಿತಿದ್ದಾರೆ ಎಂದೆ. ಹಾಗೆ ಹೇಳಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೂವತ್ತನಾಲ್ಕು ವರ್ಷ ರೋಗಿಗಳನ್ನು ನೋಡಿದವಳು ಲಕ್ಷಣವನ್ನು ಗುಣವೆಂದು ತಿಳಿದಿದ್ದೆ.

ಚಪ್ಪಲಿ ನನ್ನ ಕಣ್ಣು ತೆರೆಸಿತು. ಏಪ್ರಿಲ್ ತಿಂಗಳು, ಬಿಸಿಲು ನೆತ್ತಿಗೇರಿದ ಹೊತ್ತು. ಅಜ್ಜಿ ಕೆಲಸ ಮುಗಿಸಿ, ಊಟ ಮಾಡಿ ಹೊರಟುಹೋಗಿದ್ದರು. ಕಸ ಹಾಕಲು ಹೋದಾಗ ಗೇಟಿನ ಹತ್ತಿರ ಅವರ ಎಡಗಾಲಿನ ಚಪ್ಪಲಿ ಬಿದ್ದಿತ್ತು. ಒಂದೇ ಒಂದು. ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟಾಪಿಗೆ ಹೋದೆ. ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರು. ನನ್ನ ಚಪ್ಪಲಿಯ ಅಡಿಯಿಂದಲೇ ಬಿಸಿ ಮೇಲಕ್ಕೆ ಹತ್ತುತ್ತಿತ್ತು. ಅಜ್ಜಿ ನೆರಳಿನಲ್ಲಿ ಕೂತು ಚೀಲದಿಂದ ಎಲೆ ಅಡಿಕೆ ತೆಗೆಯುತ್ತಿದ್ದರು. ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿದು.

"ಅಜ್ಜಿ, ಚಪ್ಪಲಿ ಬಿಟ್ಟು ಬಂದಿದ್ದೀರಿ."

ಅವರು ಬಗ್ಗಿ ಕಾಲು ನೋಡಿಕೊಂಡರು. ನೋಡುವವರೆಗೂ ಅವರಿಗೆ ಗೊತ್ತಿರಲಿಲ್ಲ.

"ಅಯ್ಯೋ ನನ್ ಮರೆವೇ!" ಎಂದು ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಗಸೂ ನಕ್ಕಳು. ಚಪ್ಪಲಿಯನ್ನು ಮರೆಯಬಹುದು. ಸುಡುವ ಟಾರಿನ ಮೇಲೆ ಅಷ್ಟು ದೂರ ನಡೆದದ್ದನ್ನು ಯಾರೂ ಮರೆಯುವುದಿಲ್ಲ.

ಮರುದಿನ ನೀರು ಹಾಕುವುದಕ್ಕೆ ಮೊದಲು ಅವರನ್ನು ವರಾಂಡದ ಸ್ಟೂಲಿನ ಮೇಲೆ ಕೂರಿಸಿದೆ. ಎಡಗಾಲಿನ ಅಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಎದ್ದಿತ್ತು. "ಎಲ್ಲಿ?" ಎಂದು ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ನೋಡಿದರು. ನಾನು ಸ್ವಲ್ಪ ಹತ್ತಿ, ಪೊರಕೆಯಿಂದ ಮುರಿದ ಒಂದು ಕಡ್ಡಿ, ಎರಡು ಸ್ಟೀಲ್ ಲೋಟ ತಂದೆ. ಒಂದು ಲೋಟದಲ್ಲಿ ಬಿಸಿನೀರು, ಇನ್ನೊಂದರಲ್ಲಿ ಫ್ರಿಜ್ಜಿನ ನೀರು.

"ಕಣ್ಣು ಮುಚ್ಚಿ. ಮುಟ್ಟಿದಾಗ ಹೇಳಿ."

ಹತ್ತಿಯಿಂದ ಕಾಲ್ಬೆರಳು ಸವರಿದೆ. ಸುಮ್ಮನಿದ್ದರು. ಕಡ್ಡಿಯಿಂದ ಒತ್ತಿದೆ. ಸುಮ್ಮನಿದ್ದರು. "ಶುರು ಮಾಡಿ ಸಿಸ್ಟರಮ್ಮ," ಎಂದರು. ನಾನು ಆಗಲೇ ಆರು ಸಲ ಮುಟ್ಟಿದ್ದೆ.

ಲೋಟ ಇಟ್ಟೆ. "ತಣ್ಣಗೈತೆ," ಎಂದರು. ಸರಿ ಇತ್ತು. ಮತ್ತೆ ಇಟ್ಟೆ. "ಬಿಸಿ." ಮತ್ತೆ ಇಟ್ಟೆ. "ತಣ್ಣಗೆ." ಮತ್ತೆ. "ಬಿಸಿ."

ನಾಲ್ಕು ಸಲವೂ ನಾನು ಇಟ್ಟದ್ದು ಫ್ರಿಜ್ಜಿನ ನೀರಿನ ಲೋಟವನ್ನೇ. ವಾರ್ಡಿನಲ್ಲಿ ಹಾಗೆಯೇ ಮಾಡುತ್ತಿದ್ದೆವು. ಊಹೆ ಮಾಡಿ ಹೇಳುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಂದೆ. ಮೀನಖಂಡದ ನಡುವಿಗೆ ಬಂದಾಗ "ಹಾಂ" ಎಂದರು. ಕೈಬೆರಳ ತುದಿಗಳು ತಡವಾಗಿ ಹೇಳಿದವು. ಮೊಣಕೈಗೆ ಲೋಟ ತಾಗಿಸಿದ ಕೂಡಲೇ, "ಅಯ್ಯಪ್ಪ, ಐಸು!" ಎಂದು ಕೈ ಎಳೆದುಕೊಂಡರು.

ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರಗಳು ಸೊಂಟದಿಂದ ಕಾಲ್ಬೆರಳಿಗೆ ಹೋಗುವಂಥವು. ಸಕ್ಕರೆ ಕಾಯಿಲೆ ಗೊತ್ತಾಗದೆ ವರ್ಷಗಟ್ಟಲೆ ಇದ್ದರೆ ಮೊದಲು ಸೊರಗುವುದು ಅವೇ. ಕಾಲುಚೀಲ ಹಾಕಿದಂತೆ ಕೆಳಗಿನಿಂದ ಮೇಲಕ್ಕೆ ಜೋಮು ಏರುತ್ತದೆ. ನನಗೆ ಹೇಳಿಕೊಡಬೇಕಾದ ವಿಷಯವಲ್ಲ. ಅವರು ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಒಂದೇ ಲೋಟವನ್ನು ನೋಡಿದರು. ತಿಳಿಯಿತು.

"ಮಗು ಕಾಲ ಮೇಲಿರುವುದು ನಿಮಗೆ ಎಷ್ಟು ದಿನದಿಂದ ಗೊತ್ತಾಗುತ್ತಿಲ್ಲ?" ಎಂದು ಕೇಳಿದೆ.

ಸೆರಗಿನ ಅಂಚನ್ನು ಮಡಿಸುತ್ತ ಕೂತರು. "ಒಂದು ವರ್ಷ ಆಯ್ತೇನೋ. ಭಾರ ಗೊತ್ತಾಗ್ತದೆ. ಮಗ ಗೊತ್ತಾಗಲ್ಲ. ಅದಕ್ಕೇ ಕಣ್ಣು ಬಿಟ್ಕೊಂಡು ಮಾಡ್ತೀನಿ. ಮಾತಾಡಿದ್ರೆ ಕಣ್ಣು ಆ ಕಡೆ ಹೋಗ್ತದಲ್ಲ, ಅದಕ್ಕೆ ಮಾತೂ ಬಿಟ್ಟೆ." ಆಮೇಲೆ ಕೇಳಿದರು: "ನಾಳೆಯಿಂದ ಬರ್ಬೇಡ ಅಂತೀರಾ?"

ಒಳಗೆ ಒಂದೂವರೆ ತಿಂಗಳ ಮಗು. ಎದುರಿಗೆ ಇವರು. ಅನುಮಾನ ಬಂದ ಕೈಯನ್ನು ರೋಗಿಯಿಂದ ದೂರವಿಡಬೇಕು ಎಂಬುದು ನಾನು ಜೀವನವಿಡೀ ಪಾಲಿಸಿದ ನಿಯಮ. ಅದನ್ನು ಪಾಲಿಸಿದರೆ ಅವರ ಕೆಲಸ ಅಂದಿಗೆ ಮುಗಿದ ಹಾಗೆ. ಈ ಮನೆಯಲ್ಲಿ ಬೇಡವೆಂದದ್ದು ನಾಲ್ಕು ಮನೆಗೆ ತಿಳಿಯುತ್ತದೆ. ಕೆಲಸ ಹೋದರೆ ಅವರಿಗೆ ಅನ್ನಕ್ಕೇನೂ ಕೊರತೆ ಇರಲಿಲ್ಲ. ಆದರೆ ಕಾಲ ಮೇಲೆ ಮಗುವಿಲ್ಲದ ಬೆಳಗನ್ನು ಅವರು ಹದಿನೆಂಟು ವರ್ಷದವರಾದಾಗಿನಿಂದ ಕಂಡಿರಲಿಲ್ಲ.

"ನಾಳೆ ನನ್ನ ಜೊತೆ ಕ್ಲಿನಿಕ್ಕಿಗೆ ಬನ್ನಿ. ನಾಡಿದ್ದರದು ನಾಳೆ ಹೇಳುತ್ತೇನೆ," ಎಂದೆ. ಅಂದು ಮಗುವಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದ್ದಾಯಿತು.

ಮಧ್ಯಾಹ್ನ ಪುಸ್ತಕ ತೆಗೆದೆ. ಎರಡು ಬಾಣಂತನದ ಎಲ್ಲ ದಿನಗಳೂ ಅದರಲ್ಲಿದ್ದವು. ಅವರ ಮೊಣಕೈ "ಆಯ್ತು" ಎಂದ ಮೇಲೆ ಥರ್ಮಾಮೀಟರ್ ಏನು ಹೇಳಿತು ಎಂಬುದು. ಮೊದಲ ಪುಟದಿಂದ ಹಿಂದಿನ ದಿನದ ಪುಟದವರೆಗೆ ಬೆರಳಿಟ್ಟು ನೋಡಿದೆ. ಒಂದೇ ಒಂದು ದಿನವೂ ಒಂದು ಡಿಗ್ರಿಯ ಮೇಲೆ ವ್ಯತ್ಯಾಸವಿರಲಿಲ್ಲ. ಅವರ ಮೇಲಿನ ಅಪನಂಬಿಕೆಯಿಂದ ಬರೆದಿಟ್ಟ ಪುಸ್ತಕ ಅವರ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಹೋಗಿರುವುದು ಕಾಲು. ಬೆರಳು ಹೋಗುತ್ತಿದೆ. ಮೊಣಕೈ ಇದೆ. ಇರುವುದನ್ನು ಇಟ್ಟುಕೊಂಡು ಕೆಲಸ ಹಂಚಬೇಕು, ಅಷ್ಟೇ. ನರ್ಸುಗಳು ಕಡಿಮೆ ಇದ್ದ ದಿನ ವಾರ್ಡಿನಲ್ಲಿ ಮಾಡುತ್ತಿದ್ದುದೂ ಅದನ್ನೇ.

ಫೋರ್ತ್ ಬ್ಲಾಕಿನ ಹತ್ತಿರದ ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಆಯಿತು. ಸಕ್ಕರೆ ಬಹಳ ಇತ್ತು. ಹೋದ ಸ್ಪರ್ಶ ಪೂರ್ತಿ ವಾಪಸ್ ಬರುವುದು ಕಷ್ಟ, ಸಕ್ಕರೆ ಹಿಡಿತದಲ್ಲಿದ್ದರೆ ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಡಾಕ್ಟರ್ ಹೇಳಿದರು. ಚಿಕ್ಕ ವಯಸ್ಸಿನ ಡಾಕ್ಟರ್. ಅಜ್ಜಿ ಅವರನ್ನೇ ನೋಡುತ್ತಿದ್ದು, "ನಿಮ್ಮನೆ ಎಲ್ಲಿ ಸಾರ್? ನಿಮ್ಗೆ ನೀರು ಹಾಕಿದ್ದು ಯಾರು?" ಎಂದು ಕೇಳಿದರು. ಡಾಕ್ಟರಿಗೆ ಗೊತ್ತಿರಲಿಲ್ಲ. "ತಾಯಿನ ಕೇಳಿ, ಚೆನ್ನಾಗ್ ಹಾಕವ್ರೆ. ಭುಜ ಸರಿಯಾಗ್ ಕೂತೈತೆ," ಎಂದರು.

ಮಾರನೆಯ ದಿನ ಒಂಬತ್ತಕ್ಕೆ ಸುಮಾಳನ್ನು ಕರೆದು ಮಣೆ ತೋರಿಸಿದೆ.

"ನಾನಾ? ನನ್ ಕೈಲಾಗಲ್ಲಮ್ಮ. ಜಾರಿಬಿಡ್ತಾಳೆ!"

"ಮಣೆ ನಿನ್ನದು. ನೀರು ಅಜ್ಜಿಯದು. ಪುಸ್ತಕ ನನ್ನದು. ಕೂತ್ಕೋ."

ಸುಮಾ ಕಾಲು ಚಾಚಿ ಕೂತಳು. ಅಜ್ಜಿ ಪಕ್ಕದ ಸ್ಟೂಲಿನಲ್ಲಿ. ಮಗುವನ್ನು ಬೋರಲು ಮಲಗಿಸಿದೆವು. ಸುಮಾ ಬೆರಳ ತುದಿಯಿಂದ ಅಂಜುತ್ತ ಮುಟ್ಟಿದಳು; ಮಗು ಬೆಚ್ಚಿ ಕಿರುಚಿತು.

"ಹೆದರ್ಕೊಂಡು ಮುಟ್ಬೇಡ. ಸೊಳ್ಳೆ ಕೂತಂಗೆ ಆಗ್ತದೆ ಮಗೂಗೆ. ಇಡೀ ಅಂಗೈ ಇಡು. ನಾನಿದೀನಿ ಅಂತ ಕೈಯಲ್ಲಿ ಹೇಳು," ಎಂದರು ಅಜ್ಜಿ. ಅಂಗೈ ಇಟ್ಟಳು. ಮಗು ಸುಮ್ಮನಾಯಿತು. "ಈಗ ಕಣ್ಣು ಮುಚ್ಚು."

"ಮಗುವನ್ನು ಕಾಲ ಮೇಲಿಟ್ಟುಕೊಂಡು ಕಣ್ಣು ಮುಚ್ಚುವುದೇ?" ಎಂದು ನಾನು ರೇಗಿದೆ.

"ನಿಮ್ಮ ಕಣ್ಣು ತೆರ್ದೈತಲ್ಲ ಸಿಸ್ಟರಮ್ಮ. ಒಂದು ಬಚ್ಚಲಿಗೆ ಅಷ್ಟು ಸಾಕು."

ಮೊದಲ ದಿನ ಸುಮಾಳಿಗೆ ಏನೂ ಗೊತ್ತಾಗಲಿಲ್ಲ. ಎರಡನೆಯ ದಿನ, ಬೆಚ್ಚಗಿದೆ, ಉಸಿರಾಡುತ್ತಿದ್ದಾಳೆ ಎಂದಳು. ಐದನೆಯ ದಿನ ಎರಡನೆಯ ಚೊಂಬು ಹಾಕುವಾಗ ಅವಳ ಹುಬ್ಬು ಗಂಟಾಯಿತು. "ಅಜ್ಜಿ, ಹೊಟ್ಟೆ... ಬಿಗಿ ಆಯ್ತು. ಈಗ ಅಳ್ತಾಳೆ."

ಮಗು ಅತ್ತಿತು.

ಅಜ್ಜಿ ಎರಡೂ ಕೈಯ ರಬ್ಬರ್ ಬ್ಯಾಂಡ್ ತೆಗೆದರು. ಬಳೆಗಳು ಸದ್ದು ಮಾಡುತ್ತ ಮಣಿಕಟ್ಟಿಗೆ ಇಳಿದವು. ಆಮೇಲೆ, ಒಂದು ವರ್ಷದಿಂದ ಕಟ್ಟಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಹೊರಟಿತು. ಕೆರೆ, ಬಾಡಿಗೆಯವರು, ಸೊಸೆ, ಹೊಸ ಮೆಟ್ರೋ, ಎಲ್ಲ. ನೀರು ತಣ್ಣಗಾಗುತ್ತಿದೆ ಎಂದು ನಾನೇ ನಿಲ್ಲಿಸಬೇಕಾಯಿತು.

ಆಗ ಅವರು ಬೇರೆ ಮೂರು ಮನೆಗಳಿಗೂ ಹೋಗುತ್ತಿದ್ದರು. ಅಲ್ಲಿ ಹೇಳಿದಿರಾ ಎಂದು ಕೇಳಿದೆ. "ಹೇಳ್ದೆ. ಒಬ್ರು ಬರ್ಬೇಡಿ ಅಂದ್ರು. ಇಬ್ರು ಮಣೆ ಮೇಲೆ ಕೂತ್ರು," ಎಂದರು. ಅಂದಿನಿಂದ ಅವರ ಕೆಲಸದ ರೀತಿಯೇ ಬದಲಾಯಿತು. ಮೊಣಕೈ ಅವರದು, ಕಾಲು ಮಗುವಿನ ತಾಯಿಯದೋ ಆ ಮನೆಯ ಅಜ್ಜಿಯದೋ. ಒಂದು ಮನೆಯಲ್ಲಿ ತಂದೆಯನ್ನೂ ಕೂರಿಸಿದ್ದರಂತೆ. "ಪ್ಯಾಂಟ್ ಮಡಚ್ಕೊಂಡು ಕೂತ ಕಣಮ್ಮ. ಹೆಂಡ್ತಿಗಿಂತ ಬೇಗ ಕಲ್ತ!"

ಪ್ರತಿ ತಿಂಗಳ ಒಂದನೆಯ ತಾರೀಖು ಒಂಬತ್ತು ಗಂಟೆಗೆ ಅವರು ನಮ್ಮ ಮನೆಗೆ ಬರುತ್ತಾರೆ. ಈಗ ಹಿಂದೆ ಪಟ್ಟಿ ಇರುವ ಚಪ್ಪಲಿ. ದಿನವೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಎಂಬುದು ನನ್ನ ಆಜ್ಞೆ, ನೋಡಿಕೊಳ್ಳುತ್ತಾರೆ. ನಾನು ಕಡ್ಡಿ ಹಿಡಿದು, ಸ್ಪರ್ಶ ಶುರುವಾಗುವ ಜಾಗದಲ್ಲಿ ಕಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ಮೊಣಕಾಲಿನಿಂದ ಅದಕ್ಕೆ ಎಷ್ಟು ದೂರವೆಂದು ಟೇಪಿನಲ್ಲಿ ಅಳೆದು ಬರೆದುಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಗೆರೆ ಮೇಲಕ್ಕೆ ಹತ್ತಿಲ್ಲ. ಕೂದಲೆಳೆಯಷ್ಟು ಕೆಳಗೆ ಇಳಿದಿದೆ ಎಂದು ಅವರ ವಾದ. ಅದು ಪೆನ್ನಿನ ದಪ್ಪ ಎಂದು ನನ್ನ ವಾದ.

ಹೋದ ತಿಂಗಳ ಒಂದರಂದು ಪರೀಕ್ಷೆ ಮುಗಿದ ಮೇಲೆ, "ಇನ್ ಸಾಕು ಸಿಸ್ಟರಮ್ಮ. ಎರಡು ಬಸ್ಸು ಹತ್ತಿ ಇಳಿಯೋಕೆ ಮಂಡಿ ಕೇಳಲ್ಲ. ನಮ್ಮನೆ ಬಾಡಿಗೆಯವರು ಬಂದು ಕೇಳಿದ್ರೆ ಹೇಳ್ಕೊಡ್ತೀನಿ, ಅಷ್ಟೇ," ಎಂದರು. ದುಃಖದ ಧ್ವನಿಯಲ್ಲ. ರಜಾ ಅರ್ಜಿ ಕೊಡುವವರ ಧ್ವನಿ. ನಾನು ಮಂಜೂರು ಮಾಡಿದೆ. ಒಂದನೆಯ ತಾರೀಖಿನ ಪರೀಕ್ಷೆಗೆ ರಜಾ ಇಲ್ಲ, ಮಗನ ಸ್ಕೂಟರಿನಲ್ಲಿ ಬನ್ನಿ ಎಂದೂ ಹೇಳಿದೆ.

ಅಷ್ಟರಲ್ಲಿ ಸುಮಾಳ ಜೊತೆ ಬಂದಿದ್ದ ಮೊಮ್ಮಗಳು ಓಡಿಬಂದು ಅವರ ಮಡಿಲು ಹತ್ತಿದಳು. ಈಗ ಅವಳಿಗೆ ನಾಲ್ಕು ವರ್ಷ. ಏನೋ ತಪ್ಪು ಮಾಡಿದ್ದಳೆಂದು ಸುಮಾ ಗದರಿಸಿದ್ದಳು. ತುಟಿ ಬಿಗಿದು, ಮುಖ ಊದಿಸಿಕೊಂಡು ಗೋಡೆ ನೋಡುತ್ತ ಕೂತಳು. ಮಗುವಿನ ಭಾರವೆಲ್ಲ ಅಜ್ಜಿಯ ತೊಡೆಯ ಮೇಲಿತ್ತು. ನನ್ನ ಗೆರೆಗಿಂತ ಬಹಳ ಮೇಲೆ.

ಅಜ್ಜಿ ಕಣ್ಣು ಮುಚ್ಚಿದರು.

"ಸಿಸ್ಟರಮ್ಮ, ಗಡಿಯಾರ ನೋಡ್ಕೊಳಿ. ಈಗ ನಗ್ತಾಳೆ."

ಆ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಇದೊಂದು ತಪ್ಪುತ್ತದೆ ಎಂದುಕೊಂಡೇ ನಾನು ಮಣಿಕಟ್ಟು ತಿರುಗಿಸಿದೆ.

ಎರಡು ಸೆಕೆಂಡು. ಮೊಮ್ಮಗಳು ಕಿಲಕಿಲನೆ ನಕ್ಕಳು. ನಾನು ಪುಸ್ತಕ ತೆರೆದು, ಅಂದಿನ ತಾರೀಖಿನ ಎದುರಿಗೆ ಬರೆದುಕೊಂಡೆ: ತೊಡೆ, ಎರಡೂ, ಚೆನ್ನಾಗಿವೆ.